ಕಾರ್ಸೆಟ್ಟಿಗೆ ಕೇಬಲ್ ಟೈ

"ನಿಮ್ಮ ಬಿಲ್ಡಿಂಗ್ ಮುಗಿಯೂದು ಯಾವಾಗ ಮಾರಾಯ್ರೇ? ವಾರವಾರ ಇಷ್ಟು ಕೇಬಲ್ ಟೈ ಒಯ್ತೀರಿ!"

ಮಾಜಿವಾಡಾದ ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಾಚೆ ನಿಂತು ಸಂಕರ್ಷಣ ಕೇಳಿದ. ಅವನಿಗೆ ನಗು ಮೊದಲು ಕಣ್ಣಿಗೆ ಬರುತ್ತಿತ್ತು. ಅದು ತುಟಿಗೆ ಇಳಿಯುವಷ್ಟರಲ್ಲಿ ಮುಕ್ತಾ ಗೋಡೆಯ ಸ್ವಿಚ್‌ಗಳನ್ನು ನೋಡತೊಡಗಿದ್ದಳು.

"ದೊಡ್ಡ ಬಿಲ್ಡಿಂಗ್. ಟೈಮ್ ಹಿಡೀತದೆ."

"ಯಾವ ಸೈಟು?"

"ಘೋಡಬಂದರ್ ರೋಡಲ್ಲಿ," ಎಂದುಬಿಟ್ಟಳು.

ಬಿಲ್ಡಿಂಗೂ ಇರಲಿಲ್ಲ, ಸೈಟೂ ಇರಲಿಲ್ಲ. ಕಳವಾ ಎಂಬಲ್ಲಿನ ಒಂದು ಕೋಣೆಯಲ್ಲಿ ಅವಳು ಹಳೇ ಕಾಲದ ಕಥೆಯ ಟಿವಿ ಸೀರಿಯಲ್ಲುಗಳ ಮೇಮ್‌ಸಾಹೇಬ್ ಪಾತ್ರಗಳಿಗೆ ಕಾರ್ಸೆಟ್ ಹೊಲಿಯುತ್ತಿದ್ದಳು. ಗೌನಿನ ಒಳಗೆ ಸೊಂಟ ಬಿಗಿಯುವ ಉಡುಪು. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ, ಆದರೆ ಅದಿಲ್ಲದೆ ಗೌನು ನೆಟ್ಟಗೆ ಕೂರುವುದಿಲ್ಲ. ಬಟ್ಟೆಯ ಪದರಗಳ ನಡುವೆ ಎಲುಬಿನ ಹಾಗೆ ತೂರಿಸಲು ವಯರು ಬಿಗಿಯುವ ಈ ಅಗಲದ ಪ್ಲಾಸ್ಟಿಕ್ ಪಟ್ಟಿ, ಕೇಬಲ್ ಟೈ, ಚೆನ್ನಾಗಿ ಒದಗುತ್ತಿತ್ತು. ಇದನ್ನೆಲ್ಲ, ಡ್ರಿಲ್ ಬಿಟ್ ಕೇಳುವ ಗಂಡಸರ ನಡುವೆ ನಿಂತು, ಉಡುಪಿ ಕಡೆಯ ಹುಡುಗನಿಗೆ ಹೇಗೆ ಹೇಳುವುದು!

ಮರುವಾರ ಸ್ಟುಡಿಯೋದವರು ಕೇಬಲ್ ಟೈ ಬದಲಿಗೆ ಸ್ಟೀಲ್ ಪಟ್ಟಿಗಳನ್ನೇ ಕಳಿಸಿದರು. ಜೊತೆಗೆ ಹೊಲಿಯುವ ಚಂದ್ರಬಾಯಿಗೆ ಖುಷಿ.

"ಚಲೋ ಆತ್ ಬಿಡ ಮುಕ್ತಾ. ಇನ್ನ ಮಾಜಿವಾಡಾಕ್ಕ ಅಡ್ಡಾಡೂದು ತಪ್ಪಿತು."

"ಹೌದಕ್ಕ."

"ಮತ್ತ ಮಾರಿ ಯಾಕ ಹಿಂಗ ಮಾಡಿ?"

ಮುಕ್ತಾ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಅಂಗಡಿಯಲ್ಲಿ ಕಟ್ಟು ಕೈಗೆ ಕೊಡುವ ಮೊದಲು ಸಂಕರ್ಷಣ ಒಂದು ಟೈ ಎಳೆದು, ಬಾಗಿಸಿ, ಮುರಿಯುವುದಿಲ್ಲವೆಂದು ಅವಳಿಗೆ ತೋರಿಸುತ್ತಿದ್ದ. ಆ ಹೊತ್ತಿನಲ್ಲಿ ಅವನ ಬೆರಳು ನೋಡಲು ಅವಳಿಗೆ ಹಕ್ಕಿತ್ತು. ಇನ್ನು ಕೊಳ್ಳಲು ಏನೂ ಇಲ್ಲದವಳು ಯಾವ ಮುಖ ಇಟ್ಟುಕೊಂಡು ಹೋಗುವುದು?

ಶನಿವಾರ ನೀಲಿ ಕುರ್ತಾಕ್ಕೆ ಇಸ್ತ್ರಿ ಹಾಕಿದಳು. ಮಡಚಿಟ್ಟಳು. ಮತ್ತೆ ತೆಗೆದು ಹಾಕಿಕೊಂಡು ಹೊರಟೇಬಿಟ್ಟಳು.

ದೂರದಿಂದಲೇ ಕಂಡ ಸಂಕರ್ಷಣ ಕಟ್ಟನ್ನು ಕೌಂಟರಿನ ಮೇಲಿಟ್ಟ.

"ಬೇಡ. ಇನ್ನು ಬೇಡವೇ ಬೇಡ."

ಅವನ ಮುಖ ಸಣ್ಣದಾಯಿತು. "ಬಿಲ್ಡಿಂಗ್ ಮುಗೀತಾ?"

"ಬಿಲ್ಡಿಂಗೇ ಇರ್ಲಿಲ್ಲ."

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಸೊಂಟದ ಮಾತು ಬಂದಾಗ ಅವನ ಕಿವಿ ಕೆಂಪಾಯಿತು. ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುತ್ತಿರಲಿಲ್ಲ.

"ಮತ್ತೆ, ಬೇಡದಿದ್ರೂ ಬಂದಿರಲ್ಲ?" ಅವನು ಮೆಲ್ಲಗೆ ಕೇಳಿದ.

"ಹೂಂ. ಬಂದೆ."

"ಹಾಗಾದ್ರೆ ನಾನೂ ಒಂದು ಹೇಳ್ಬೇಕು. ಇಷ್ಟು ಅಗಲದ್ದು ನಮ್ಮ ಅಂಗಡಿಯಲ್ಲಿ ಇಡೂದೇ ಇಲ್ಲ. ನನ್ನ ರಜೆ ದಿನ ಅಷ್ಟು ದೂರ ಲೋಹಾರ್ ಚಾಳ್ ಮಾರ್ಕೆಟ್ ತನಕ ಹೋಗಿ ತರ್ತಾ ಇದ್ದೆ."

"ನಂಗೋಸ್ಕರ?"

"ಅಲ್ಲ, ನಿಮ್ಮ ಬಿಲ್ಡಿಂಗಿಗೆ!"

ಮುಕ್ತಾ ನಕ್ಕಳು. ಈ ಸಲ ಸ್ವಿಚ್‌ಗಳ ಕಡೆ ನೋಡಲಿಲ್ಲ. "ಇನ್ನು ರಜೆ ದಿನ ಎಂತ ಮಾಡ್ತೀರಿ?"

"ನೀವು ಹೇಳಿ."

ಅವನು ಕೌಂಟರಿನ ಈಚೆ ಬಂದು, ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದ ವಯರಿನ ಸುರುಳಿಯನ್ನು ಎತ್ತಿ ನೆಲಕ್ಕಿಟ್ಟ. ಮುಕ್ತಾ ಕೂತಳು.