ನೂರರಲ್ಲಿ ಕಾಣೆಯಾದ ಮೂರು

ಡ್ರಾಯರ್ ಧಡ್ಡನೆ ಮುಚ್ಚಿತು. ಒಳಗೆ ನನ್ನ ಎಡಗೈ ಇತ್ತು.

ಕಿರುಬೆರಳು ಲಟಕ್ಕೆಂದಿತು...

"ಇನ್ನೂ ಒಂಬತ್ತು ಇವೆ, ಮೇಡಂ," ಎಂದ ಬಾಯ್ಲರ್ ಫ್ಯಾಕ್ಟರಿಯ ಮ್ಯಾನೇಜರ್. ಡ್ರಾಯರ್ ಒತ್ತಿ ನಿಂತಿದ್ದ ಅವನ ಕಡೆಯ ದಢಿಯ ಹಲ್ಲು ಕಿರಿದ.

ಮಟಮಟ ಮಧ್ಯಾಹ್ನ. ಆಫೀಸಿನಲ್ಲಿ ನಾನೊಬ್ಬಳೇ.

ನನ್ನ ಕೆಲಸ ಕೇಳಿದರೆ ನಿಮಗೆ ಆಕಳಿಕೆ ಬರುತ್ತದೆ. ಅಂಕಿಅಂಶದ ಒಂದು ಸಾಫ್ಟ್‌ವೇರ್ ಲೈಬ್ರರಿ ನೋಡಿಕೊಳ್ಳುತ್ತೇನೆ. ಯಾವುದು ಎಷ್ಟು ಸಲ ಸಂಭವಿಸೀತು ಎಂದು ಹೇಳುವ ಸೂತ್ರಗಳು ಅದರಲ್ಲಿವೆ. ಡಿಸ್ಟ್ರಿಬ್ಯೂಷನ್ ಎನ್ನುತ್ತೇವೆ. ಹೊಸದು ಸೇರಬೇಕಾದರೆ ನನ್ನ ಒಪ್ಪಿಗೆ ಬೇಕು. ಬಾಯ್ಲರ್ ಇನ್‌ಸ್ಪೆಕ್ಟರ್‌ಗಳು ಅದನ್ನು ಕಣ್ಣುಮುಚ್ಚಿ ನಂಬುತ್ತಾರೆ.

ಮ್ಯಾನೇಜರ್ ತನ್ನ ಬಾಯ್ಲರ್‌ಗಳ ಆಯುಷ್ಯ ಹೇಳುವ ಹೊಸದೊಂದನ್ನು ಕಳಿಸಿದ್ದ. ಮೊದಲ ಪರೀಕ್ಷೆ ಸುಲಭದ್ದು. ಎಲ್ಲ ಸಾಧ್ಯತೆಗಳನ್ನು ಕೂಡಿದರೆ ನೂರಕ್ಕೆ ನೂರು ಬರಬೇಕು.

ತೊಂಬತ್ತೇಳು ಬಂತು.

"ಉಳಿದ ಮೂರು ಎಲ್ಲಿ?" ಎಂದು ಬರೆದು ಕೇಳಿದ್ದೆ. ಉತ್ತರವಾಗಿ ದಢಿಯನ ಜೊತೆ ತಾನೇ ಬಂದಿದ್ದ.

ಆ ಮೂರು ಎಂದರೆ ಸಿಡಿಯುವ ಬಾಯ್ಲರ್‌ಗಳು. ಅದೇ ಫ್ಯಾಕ್ಟರಿಯ ಬಾಯ್ಲರ್ ಒಂದರ ಪಕ್ಕದಲ್ಲಿ ನನ್ನ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುತ್ತಾಳೆ. ಮರುದಿನ ಅದರ ತಪಾಸಣೆ. ಈ ಸೂತ್ರ ಸೇರಿದರೆ ಅದು ಪಾಸು.

"ಸೇರಿಸ್ತೀಯೋ, ಇನ್ನೊಂದು ಬೆರಳು ಕೊಡ್ತೀಯೋ?" 'ಮೇಡಂ' ಎಂಬ ಮಾತು ಮಾಯವಾಗಿತ್ತು.

"ಸೇರಿಸ್ತೀನಿ... ಆದ್ರೆ ಜೊತೆಗೆ ನಿಜವಾದ ಡೇಟಾ ಬೇಕು. ಇಲ್ದಿದ್ರೆ ಸಿಸ್ಟಮ್ ತಗೊಳ್ಳಲ್ಲ."

"ಯಾರು ನೋಡ್ತಾರೆ ಅದನ್ನ?"

"ಮಶೀನ್ ಓದುತ್ತೆ, ಅಷ್ಟೇ."

ನಾನು ಸುಳ್ಳು ಹೇಳುವುದು ಕಡಿಮೆ. ಹೇಳಿದರೆ ಅಚ್ಚುಕಟ್ಟಾಗಿ ಹೇಳುತ್ತೇನೆ.

ಅವನು ಪೆನ್‌ಡ್ರೈವ್ ಎಸೆದ. ಬಲಗೈಯಿಂದ ಕೀ ಒತ್ತಿದೆ.

ನಮ್ಮಲ್ಲಿ ಗುಟ್ಟೆಂಬುದಿಲ್ಲ. ಲೈಬ್ರರಿಗೆ ಏನೇ ಸೇರಿದರೂ ಆ ಕ್ಷಣವೇ, ಡೇಟಾ ಸಮೇತ, ಬಳಸುವವರೆಲ್ಲರಿಗೂ ಹೋಗುತ್ತದೆ. ಇನ್‌ಸ್ಪೆಕ್ಟರ್‌ಗಳಿಗೂ. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ನಲವತ್ತೊಂದು ಸ್ಫೋಟಗಳು, ತಾರೀಕು, ಸತ್ತವರ ಸಂಖ್ಯೆ.

"ಆಯ್ತಾ?"

"ಹಸಿರು ಗುರುತು ಬರ್ಲಿ, ಇರಿ."

ಹತ್ತು ನಿಮಿಷ. ಮ್ಯಾನೇಜರ್‌ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕೇಳುತ್ತಾ ಕೇಳುತ್ತಾ ಮುಖ ಸುಣ್ಣವಾಯಿತು.

"ಇವಳನ್ನ ಮುಗಿಸೋ..."

ದಢಿಯ ಡ್ರಾಯರ್ ಬಿಟ್ಟು, ಜುಟ್ಟು ಹಿಡಿದು ನನ್ನ ಮುಖವನ್ನು ಮಾನಿಟರ್‌ಗೆ ಅಪ್ಪಳಿಸಿದ. ಬಾಯಲ್ಲಿ ರಕ್ತ, ಗಾಜು. ಕೈಗೆ ಸಿಕ್ಕಿದ ಕುದಿನೀರಿನ ಕೆಟಲನ್ನು ಅವನ ಮೂಗಿಗೆ ಬೀಸಿದೆ. ಮತ್ತೆ ಲಟಕ್. ಈ ಸಲ ಮೂಳೆ ನನ್ನದಲ್ಲ.

ಮೆಟ್ಟಿಲು ಇಳಿಯಲಿಲ್ಲ, ಉರುಳಿದೆ. ಎರಡು ಹಲ್ಲು ಅಲ್ಲೇ ಉಳಿದವು. ನಾನು ಬೀದಿಗೆ ಬಿದ್ದೆ.

ಮಾರನೆಯ ದಿನ ಬಾಯ್ಲರ್‌ಗೆ ಸೀಲ್ ಬಿತ್ತು. "ತಣ್ಣೀರಲ್ಲಿ ಒಗೆದು ಕೈ ಮರಗಟ್ಟಿತು ಕಣೇ," ಎಂದು ಅಕ್ಕ ಗೊಣಗಿದಳು.

ಬೆರಳಿಗೆ ಪಟ್ಟಿ ಕಟ್ಟುವಾಗ ಡಾಕ್ಟರ್, "ನೂರರಲ್ಲಿ ತೊಂಬತ್ತೇಳು ಜನಕ್ಕೆ ನೆಟ್ಟಗಾಗುತ್ತೆ, ಮೂವರಿಗೆ ಸೊಟ್ಟಗೇ ಉಳಿಯುತ್ತೆ," ಎಂದಿದ್ದರು.

ನನ್ನದು ಸೊಟ್ಟಗಿದೆ. ಅವರ ಮೇಲೆ ಸಿಟ್ಟಿಲ್ಲ, ಆ ಮೂವರನ್ನೂ ಲೆಕ್ಕಕ್ಕೆ ಹಿಡಿದಿದ್ದರಲ್ಲ.