ಒಂಟಿ ಎಂದು ಬರೆದಿದ್ದ ತಾರೆ

"ನಾನು ಬದುಕಿರೋವರೆಗೂ ಇದು ಅಚ್ಚಾಗಬಾರದು!" ಎಂದು ಮಾವನವರು ಸೊಸೆ ಬರೆದ ಲೇಖನದ ಕಾಗದಗಳನ್ನು ಊಟದ ಮೇಜಿನ ಮೇಲೆ ಎಸೆದಾಗ, ಬಡಿಸುತ್ತಿದ್ದ ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಸೊಸೆಯ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮೂವತ್ತು ವರ್ಷ ಆ ವೀಕ್ಷಣಾಲಯದಲ್ಲಿ ಕಣ್ಣು ಸವೆಸಿದೀನಿ. ನನ್ನ ನಕ್ಷತ್ರಗಳ ಪಟ್ಟೀಲಿ ತಪ್ಪು ಹುಡುಕೋಕೆ ನನ್ನ ಸೊಸೇನೇ ಬೇಕಾಯ್ತಾ?"

"ತಪ್ಪು ಅಂತ ನಾನೆಲ್ಲಿ ಅಂದೆ ಮಾವ..." ಎನ್ನುತ್ತಾ ಅವಳು ಚದುರಿದ ಕಾಗದಗಳನ್ನು ಒಟ್ಟುಗೂಡಿಸಿದಳು.

ನಿವೃತ್ತರಾಗುವವರೆಗೂ ಮಾವನವರ ಕೆಲಸ, ನಕ್ಷತ್ರಗಳ ಫೋಟೋ ಹಿಡಿದ ಗಾಜಿನ ಫಲಕಗಳನ್ನು ಅಳೆಯುವುದು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದವರೆಂದು ಅಲ್ಲಿ ಎಲ್ಲರೂ ಅವರನ್ನು 'ಕೂದಲೆಳೆ ಸಾಹೇಬರು' ಎನ್ನುತ್ತಿದ್ದರು. ಮನೆಯಲ್ಲೂ ಅದೇ ಕಾಟ! ಮದುವೆಯಾಗಿ ಬಂದ ಆರು ವರ್ಷವೂ ಸೊಸೆ ಮಡಿಸಿದ ಬಟ್ಟೆಯಿಂದ ಹಿಡಿದು ಹಾಕಿದ ಉಪ್ಪಿನವರೆಗೆ ಎಲ್ಲದರಲ್ಲೂ ಕೊಂಕು. ಈಗ ಅದೇ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದ ಅವಳ ಕಣ್ಣಿಗೆ ಒಂದು ಪುಟ್ಟ ಕೆಂಪು ತಾರೆ ಬಿದ್ದಿತ್ತು. ಹುಟ್ಟಿ ನಾಲ್ಕೈದು ಕೋಟಿ ವರ್ಷವಾಗಿದ್ದರೂ ತಾರೆಗಳ ಲೆಕ್ಕದಲ್ಲಿ ಅದಿನ್ನೂ ಹಸುಗೂಸು. ಅದರಿಂದ ಬಲು ದೂರದಲ್ಲಿರುವ ಮಂಕು ಚುಕ್ಕಿಯೊಂದು ಅದನ್ನೇ ಸುತ್ತುತ್ತಿದೆ, ಒಂದು ಸುತ್ತಿಗೆ ಒಂಬತ್ತು ಲಕ್ಷ ವರ್ಷವೇ ಬೇಕು ಎಂದು ಅವಳಿಗೆ ಬಲವಾದ ಗುಮಾನಿ. ಆದರೆ ಮಾವನವರು ಎಂದೋ ಅಚ್ಚಾದ ತಮ್ಮ ಪಟ್ಟಿಯಲ್ಲಿ ಆ ತಾರೆಯನ್ನು 'ಒಂಟಿ' ಎಂದು ಬರೆದುಬಿಟ್ಟಿದ್ದರು! ಗುಮಾನಿ ಖಚಿತವಾಗಲು, ಆಗ ಎರಡೂ ಎಲ್ಲಿದ್ದವು ಎಂಬ ಹಳೆಯ ಅಳತೆ ಬೇಕಿತ್ತು. ಆ ಕಾಲದ ಫಲಕಗಳು ಒಡೆದುಹೋಗಿದ್ದವು. ಅಳತೆ ಉಳಿದಿದ್ದದ್ದು ಮಾವನವರ ಬೀರುವಿನ ಪುಸ್ತಕವೊಂದರಲ್ಲೇ. ಅದನ್ನು ಕೇಳಿದ್ದಕ್ಕೇ ಈ ರಂಪ!

"ಬಿಟ್ಬಿಡೇ..." ಎಂದ ಗಂಡ ಕೋಣೆಯಲ್ಲಿ. "ಅಪ್ಪನಿಗೆ ಒಂದು ಸಲ ಹಾರ್ಟ್ ಅಟ್ಯಾಕ್ ಆಗಿದೆ. ಇನ್ನೊಂದು ಆದ್ರೆ ನಮ್ಮನ್ನ ನಾವು ಕ್ಷಮಿಸ್ಕೋತೀವಾ?"

ಎರಡು ವರ್ಷದ ದುಡಿಮೆ... ಅವಳು ಬಿಕ್ಕಿಬಿಕ್ಕಿ ಅತ್ತಳು. ಮರುದಿನ, ವಿಜ್ಞಾನ ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ವಾಪಸು ಪಡೆದಳು.

ನಾಲ್ಕು ದಿನದ ಮೇಲೆ ಮನೆಗೆ ಫೋನ್ ಬಂತು. ಎತ್ತಿದವರು ಮಾವನವರೇ. ಆ ಕಡೆ ವೀಕ್ಷಣಾಲಯದ ಮುಖ್ಯಸ್ಥೆ.

"ಸಾರ್, ನಿಮ್ಮ ಸೊಸೆ ಲೇಖನ ವಾಪಸ್ ತಗೊಂಡ್ರು. ಹಳೇ ಅಳತೆ ಎಲ್ಲೂ ಸಿಗ್ಲಿಲ್ಲ, ತಪ್ಪೆಲ್ಲ ನಂದೇ ಅಂದ್ರು. ನಿಮ್ಮ ಹತ್ರ ಏನಾದ್ರೂ ಇದೆಯಾ?"

"ನೋಡ್ತೀನಿ" ಎಂದು ಮಾವನವರು ಫೋನಿಟ್ಟರು. ಪುಸ್ತಕ ಕೊಡದವನು ತಾನು... ಅವಳು ಹೊರಗೆ ಒಂದು ಮಾತೂ ಆಡಲಿಲ್ಲವಲ್ಲ! ಆರು ವರ್ಷ ಅಂದದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅವರು ಅಂದೇ ಮಧ್ಯಾಹ್ನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ವೀಕ್ಷಣಾಲಯದ ಬಸ್ಸು ಹತ್ತಿದರು.

ಮಾವನನ್ನು ಕಂಡು ಸೊಸೆ ಗಾಬರಿಯಿಂದ ಎದ್ದು ನಿಂತಳು.

"ಕೂತ್ಕೊಳಮ್ಮ. ನಿನ್ನ ಅಳತೆ ಓದು, ನಾನು ನಂದು ಓದ್ತೀನಿ."

ಅವಳು ಓದಿದಳು. ಒಂದು ಗಂಟೆ ಕೂಡಿ ಕಳೆದು, ಮತ್ತೆ ಕೂಡಿ ಕಳೆದು ನೋಡಿದರು.

"ಮಾವ! ತಾರೆ ಎಷ್ಟು ಸರಿದಿದೆಯೋ ಚುಕ್ಕಿನೂ ಅಷ್ಟೇ, ಅದೇ ದಿಕ್ಕಿಗೇ ಸರಿದಿದೆ... ಎರಡೂ ಜೊತೆಗೇ ಬಂದಿವೆ! ನಿಮ್ಮ ಅಳತೆ ಒಂಚೂರೂ ತಪ್ಪಿಲ್ಲ. ಆಗ ನಿಮ್ಮ ಹತ್ರ ಇದ್ದದ್ದು ಎರಡೇ ವರ್ಷದ ಫೋಟೋ. ಅಷ್ಟರಲ್ಲಿ ಸರಿದದ್ದು ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಇದಿಲ್ದೇ ಇದ್ರೆ ನನ್ನ ಕೈಲಿ ಏನೂ ಆಗ್ತಿರ್ಲಿಲ್ಲ. ತುಂಬಾ ಥ್ಯಾಂಕ್ಸ್ ಮಾವ..."

ಮಾವನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಥ್ಯಾಂಕ್ಸ್ ನಾನು ಹೇಳ್ಬೇಕು ಕಣಮ್ಮ. ನಾನು ಸತ್ತ ಮೇಲೆ ಯಾರೋ ಇದನ್ನ ಕಂಡುಹಿಡಿದಿದ್ರೆ, ಮುದುಕ ತಪ್ಪು ಬರೆದಿದ್ದ ಅಂತ ಹೇಳಿ ಮುಂದೆ ಹೋಗ್ತಿದ್ರು. ನೀನು ನಾನಿರೋವಾಗ್ಲೇ ತೋರಿಸ್ದೆ. ನನ್ನ ಕೈಯಾರೆ ತಿದ್ಕೊಳ್ಳೋ ಪುಣ್ಯ ಸಿಕ್ತು..."

ಅವರು ಪೆನ್ನು ತೆಗೆದು, ಪುಸ್ತಕದಲ್ಲಿ 'ಒಂಟಿ' ಎಂದು ತಾವೇ ಬರೆದಿದ್ದ ಸಾಲನ್ನು ಹೊಡೆದುಹಾಕಿದರು. ಆಮೇಲೆ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಹೇಳಿದರು:

"ಇನ್ನೂ ನಲವತ್ತು ಪುಟ ಇದೆ. ತಿರುಗಿಸು. ಇನ್ನೆಲ್ಲೆಲ್ಲಿ ಎಡವಿದೀನೋ ನೋಡೇಬಿಡೋಣ."