ನೀರಿನ ಕನ್ನಡಕ

ಮೂರನೇ ದಿನದ ಜಿಯಾರತ್ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಅತೀಯಾಳ ಚಹಾದ ಗ್ಲಾಸಿನಲ್ಲಿ ಒಂದು ಕೂದಲು ಸಿಕ್ಕಿತು. ಉದ್ದನೆಯದು, ಯಾರದೋ. ಬೆರಳಿನಿಂದ ಎಳೆದು ಬಸಿಯ ಅಂಚಿಗೆ ಅಂಟಿಸಿದಳು. ಸಿಟ್ಟು ಮಾಡಲು ಎದುರಿಗೆ ಯಾರೂ ಇರಲಿಲ್ಲ. ಗಂಡ ಮಂಜೂರನನ್ನು ಮಣ್ಣು ಮಾಡಿಯಾಗಿತ್ತು.

ಕೊಪ್ಪಳದ ಪಕ್ಕದ ಭಾಗ್ಯನಗರದ ಆ ಮನೆಯ ಮುಂದಿನ ಕೋಣೆಯಲ್ಲಿ ಕೆಲಸ ಮತ್ತೆ ಶುರುವಾಗಿತ್ತು. ಊರೂರಿಂದ ಬಂದ ಉದುರುಗೂದಲನ್ನು ಹೆಂಗಸರು ಕೂತು ಬಿಡಿಸುತ್ತಿದ್ದರು, ಬಾಚುತ್ತಿದ್ದರು, ಉದ್ದ ನೋಡಿ ಕಟ್ಟು ಕಟ್ಟುತ್ತಿದ್ದರು. ವಿಗ್ ಮಾಡಲು ಅದು ಹೊರದೇಶಕ್ಕೆ ಹೋಗುತ್ತಿತ್ತು. ಮಂಜೂರ ಆ ವ್ಯಾಪಾರದಲ್ಲಿ ಹುಟ್ಟಿ ಬೆಳೆದವನು. ಅತೀಯಾ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕೊಪ್ಪಳದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು.

ಅವಳಿಗೆ ಮರೆಯಲಾಗದ್ದು ಕಾಲೇಜಿನ ವಾರ್ಷಿಕೋತ್ಸವದ ಊಟ. ಪ್ರಾಂಶುಪಾಲರ ಕೋಟಿನ ಮೇಲಿದ್ದ ಒಂದು ಕೂದಲನ್ನು ಮಂಜೂರ ಎಲ್ಲರೆದುರು ಎತ್ತಿ, ದೀಪಕ್ಕೆ ಹಿಡಿದು ನೋಡಿದ್ದ. "ಮಾಲು ಛಲೋ ಐತ್ರಿ ಸರ್. ಆದ್ರ ನಿಮ್ಮಲ್ಲಿ ಸ್ಟಾಕ್ ಭಾಳ ಕಡಿಮಿ ಉಳದೈತಿ" ಎಂದಿದ್ದ. ಎಲ್ಲರೂ ನಕ್ಕರು. ಬೋಳುತಲೆಯ ಪ್ರಾಂಶುಪಾಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಮಂಜೂರ. ನಕ್ಕವರನ್ನು ಅವಳು ಕ್ಷಮಿಸಿದಳು. ತನ್ನನ್ನೇ ನೋಡಿ ನಗುತ್ತಿದ್ದಾರೆಂದು ತಿಳಿಯದೆ ನಕ್ಕವನನ್ನು ಕ್ಷಮಿಸಲಾಗಲಿಲ್ಲ.

ಈ ಮದುವೆಯಿಂದ ಬಿಡಿಸಿಕೊಡಿ ಎಂದು ಅಪ್ಪನನ್ನು ಕೇಳಿದ್ದಳು.

"ಕುಡಿಯಂಗಿಲ್ಲ, ಹೊಡಿಯಂಗಿಲ್ಲ, ನೌಕರಿಗೂ ಕಳಸ್ತಾನ" ಎಂದ ಅಪ್ಪ. "ಖಾಜಿ ಮುಂದ ಏನಂತ ಹೇಳ್ಲಿ ಬೇಟಿ? ನಗ್ತಾನ ಅಂತ ಹೇಳ್ಲೇನು?"

ಕೆಟ್ಟ ಗಂಡನನ್ನು ಬಿಡಬಹುದಿತ್ತು. ಒಳ್ಳೆಯವನನ್ನು ಬಿಡಲು ದಾರಿ ಇರಲಿಲ್ಲ. ಉಳಿದದ್ದು ಅವನು ತಾನಾಗಿ ಹೋಗುವುದು.

ಕೂದಲು ಕೊಳ್ಳುವವರೊಬ್ಬರು ವ್ಯಾಪಾರಿಗಳನ್ನು ಥಾಯ್ಲೆಂಡಿಗೆ ಕರೆದಾಗ ದಾರಿ ಕಂಡಿತು. ಸಮುದ್ರದ ತಳ ನೋಡೋಣ, ಹೊಸಬರಿಗೂ ಅರ್ಧ ದಿನದಲ್ಲಿ ಕಲಿಸಿ ಇಳಿಸುತ್ತಾರಂತೆ ಎಂದು ಅವಳೇ ಹೇಳಿದಳು. ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮಂಜೂರ ಹಿಗ್ಗಿದ.

ಒತ್ತಡ ಇಳಿದರೆ ಗಾಳಿ ಹಿಗ್ಗುತ್ತದೆ. ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುವ ನಿಯಮ. ನೀರಿನಡಿಯಲ್ಲಿ ಸಿಲಿಂಡರಿನ ಗಾಳಿ ಎಳೆದುಕೊಂಡವನು ಉಸಿರು ಕಟ್ಟಿ ಮೇಲೆ ಬಂದರೆ, ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಹೆಚ್ಚು ಆಳ ಬೇಕಿಲ್ಲ. ಆದ್ದರಿಂದಲೇ ಕಲಿಸುವವರು ಎಲ್ಲಕ್ಕಿಂತ ಮೊದಲು ಹೇಳುವ ಮಾತು ಒಂದೇ: ಉಸಿರು ಹಿಡಿಯಬೇಡ. ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಮಂಜೂರನಿಗೆ ಇಂಗ್ಲಿಷ್ ಬಾರದು. ತಿಳಿಸಿ ಹೇಳುವವಳು ಅವಳು.

ಆಯುಧವಿಲ್ಲ, ವಿಷವಿಲ್ಲ. ಒಂದು ವಾಕ್ಯ, ಅದೂ ಗಾಳಿಯಲ್ಲಿ ಹೋಗುವಂಥದು.

ಹೊರಡುವ ಮುಂಚಿನ ವಾರಗಳಲ್ಲಿ ಅವನು ಮೇಲಿಂದ ಮೇಲೆ ತಾವರಗೇರಾಕ್ಕೆ ಕೂದಲು ತರಲು ಹೋದ. ಬರುವಾಗ ಕಣ್ಣುಗಳು ಕೆಂಪಾಗಿರುತ್ತಿದ್ದವು, ಧೂಳು ಎನ್ನುತ್ತಿದ್ದ. ಅಂಥ ಒಣನೆಲದಿಂದ ಬಂದವನ ಬೈಕಿನಲ್ಲಿ ಟವೆಲು ಒದ್ದೆಯಾಗಿರುತ್ತಿತ್ತು. ಅದನ್ನು ಒಣಗಲು ಹಾಕುತ್ತ ಅವಳು ತನ್ನ ವಾಕ್ಯವನ್ನು ತಿದ್ದುತ್ತಿದ್ದಳು.

ದೋಣಿಯಲ್ಲಿ ಹೈದರಾಬಾದಿನ ಒಂದು ಕುಟುಂಬವಿತ್ತು. ಅವರಿಗೆ ತಿಳಿಯದಿರಲಿ ಎಂದು ಮನೆಮಾತು ಉರ್ದು ಬಿಟ್ಟು ಕನ್ನಡದಲ್ಲಿ ಮಾತಾಡಿದಳು. ಮಂಜೂರ ಮೈಗಂಟುವ ಕರಿ ಅಂಗಿ ತೊಟ್ಟು, ಚೀಲದಿಂದ ಮೂಗನ್ನೂ ಮುಚ್ಚುವ ಒಂದು ನೀರಿನ ಕನ್ನಡಕ ತೆಗೆದ. ದಡದ ಅಂಗಡಿಯಲ್ಲಿ ಕೊಂಡಿರಬೇಕು ಎಂದುಕೊಂಡಳು.

"ಹೆಂಗ ಕಾಣ್ತೀನಿ? ಬದ್ನೀಕಾಯಿ ಕಂಡಂಗ ಕಾಣ್ತೀನಿಲ್ಲ?"

ಕಲಿಸುವವನು ಎದೆಯ ಮೇಲೆ ಕೈಯಿಟ್ಟು, ನಿಧಾನವಾಗಿ, ಎರಡೆರಡು ಸಲ ಹೇಳಿದ. ಅತೀಯಾ ತಲೆಯಾಡಿಸಿ ಗಂಡನ ಕಡೆ ತಿರುಗಿದಳು.

"ಕನ್ನಡಕದಾಗ ನೀರು ಬಂದ್ರ ಉಸಿರು ಬಿಗಿ ಹಿಡದು ಸೀದಾ ಮ್ಯಾಲೆ ಬರ್ರಿ. ಎಷ್ಟು ಲಗೂ ಆಗತೈತಿ ಅಷ್ಟು ಲಗೂ."

"ಉಸಿರು ಹಿಡದು?" ಎಂದ ಮಂಜೂರ.

"ಹೂಂ. ಮಾಸ್ತರ ಹೇಳ್ಯಾನ."

ಅವನು ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ದೋಣಿಯ ಹಿಂಬದಿಗೆ ಹೋಗಿ ಫೋನು ಬಾಯಿಗೆ ಹಿಡಿದು ಏನೋ ಹೇಳಿ ನಕ್ಕ. ಅಲ್ಲಿಯೂ ಕೂದಲಿನ ವ್ಯಾಪಾರ ಎಂದುಕೊಂಡು ಅವಳು ನಾಚಿಕೆಯಿಂದ ಮುಖ ತಿರುಗಿಸಿದಳು.

ಕನ್ನಡಕಕ್ಕೆ ನೀರು ನುಗ್ಗಿ, ಕಲಿಸುವವನ ಕೈ ಕೊಸರಿಕೊಂಡು ಅವನು ಮೇಲೆ ಬಂದಾಗ ಕೆನ್ನೆಗಳು ಉಬ್ಬಿದ್ದವು. ಹೇಳಿದ್ದನ್ನು ಅಕ್ಷರಶಃ ಮಾಡಿದ್ದ. ದಡ ಮುಟ್ಟುವ ಮೊದಲೇ ತೀರಿಕೊಂಡ.

ಅಲ್ಲಿಯ ಪೊಲೀಸರ ಮುಂದೆ ಅವಳು ಯಾರನ್ನೂ ದೂರಲಿಲ್ಲ. ಕಲಿಸುವವನು ಸರಿಯಾಗಿಯೇ ಎಚ್ಚರಿಸಿದ್ದ, ನಾನೂ ತಿಳಿಸಿ ಹೇಳಿದ್ದೆ, ನನ್ನ ಗಂಡ ಗಾಬರಿಯಲ್ಲಿ ಮರೆತರು ಎಂದಳು. ಕಲಿಸುವವನು ಅತ್ತು ಕೈಮುಗಿದ. ಮನೆಗೆ ಬಂದು ಅದನ್ನೇ ಎಲ್ಲರಿಗೂ ಹೇಳಿದಳು. ಇನ್ನು ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತು ಮುಗಿಯುವವರೆಗೆ ವಿಧವೆ ಹೊಸ್ತಿಲು ದಾಟುವಂತಿಲ್ಲ, ಪರಗಂಡಸರ ಎದುರು ಬರುವಂತಿಲ್ಲ. ಅದನ್ನೂ ಅವಳು ಲೆಕ್ಕದಲ್ಲಿ ಹಿಡಿದಿದ್ದಳು. ಅಂಥವಳ ಬಾಗಿಲಿಗೆ ಪ್ರಶ್ನೆ ಕೇಳಲು ಯಾರು ಬರುತ್ತಾರೆ?

ಒಂದು ಮಾತ್ರ ಲೆಕ್ಕ ತಪ್ಪಿತ್ತು. ಅವನ ಜೊತೆಗೇ ಮಣ್ಣಾಗುತ್ತದೆ ಎಂದುಕೊಂಡಿದ್ದ ನಾಚಿಕೆ ಇನ್ನೂ ಮನೆಯಲ್ಲೇ ಇತ್ತು.

ಅತ್ತೆ ಜುಬೇದಾಬೀ ಮಗನ ಚೀಲ ಬಿಚ್ಚುತ್ತ ಕೂತಿದ್ದಳು. ನೀರಿನ ಕನ್ನಡಕವನ್ನು ಸೆರಗಿನಿಂದ ಒರೆಸಿ ಸೊಸೆಯ ಮಡಿಲಿಗೆ ಹಾಕಿದಳು.

"ಇದು ಅವನ ದೋಸ್ತ ಗವಿದು. ನಿನಗ ಹೇಳಬ್ಯಾಡ ಅಂದು ನನಗಷ್ಟ ತೋರಿಸಿದ್ದ. ಸತ್ತವನ ಕೊರಳಾಗ ಮಂದಿ ನಂಬಿ ಕೊಟ್ಟ ಅಮಾನತು ಇರಬಾರ್ದು ಬೇಟಿ. ಅವಗ ಬಾ ಅಂತ ಹೇಳಿ ಕಳಿಸೀನಿ. ನಿನ್ನ ಕೈಯಾರೆ ಕೊಟ್ಟುಬಿಡು."

ಗವಿಸಿದ್ದೇಶ ಮಂಜೂರನ ಜೊತೆ ಸಾಲಿ ಕಲಿತವನು. ಈಗ ಗಂಗಾವತಿಯಲ್ಲಿ ಅಗ್ನಿಶಾಮಕ ದಳದಲ್ಲಿದ್ದ. ಹೊಳೆಯಲ್ಲಿ ಮುಳುಗಿದವರನ್ನು ಎತ್ತುವುದೂ ಅವನ ಕೆಲಸವೇ. ಬಂದು ಪಡಸಾಲೆಯ ಕುರ್ಚಿಯ ತುದಿಗೆ ಕೂತ. ಅತೀಯಾ ಒಳಕೋಣೆಯ ಪರದೆಯ ಹಿಂದೆ ನಿಂತಳು.

"ಹೊಸಾದು ತಗೊಳ್ಳೋ ಅಂದ್ರ, ನಿಂದು ಶುಭ ಐತಿ ಅಂತ ಒಯ್ದ" ಎಂದ ಗವಿಸಿದ್ದೇಶ. "ತಾವರಗೇರಾಕ್ಕ ಹೋಗ್ತೀನಿ ಅಂತ ಹೇಳಿ ನಮ್ಮ ಬಾವಿಗೆ ಬರತಿದ್ದನ್ರಿ ಭಾಬಿ. ಮೊದಲ ದಿನ ಎಮ್ಮಿ ಮುಳುಗಿದಂಗ ಮುಳುಗಿದ. ನಕ್ಕೆ. 'ನಗೋಲೇ, ನೀ ನಕ್ಕರ ನಡಿತೈತಿ, ಅಲ್ಲಿ ಮಂದಿ ನಕ್ಕು ನನ್ನ ಸಲುವಾಗಿ ಆಕಿ ತಲಿ ತಗ್ಗಿಸಬಾರ್ದು' ಅಂದ."

ಅತೀಯಾ ಪರದೆಯ ಅಂಚು ಹಿಡಿದುಕೊಂಡಳು. ಹಾಗಾದರೆ ಜನ ತನ್ನನ್ನು ನೋಡಿ ನಗುವುದು ಅವನಿಗೆ ತಿಳಿಯುತ್ತಿತ್ತು. ವಾರ್ಷಿಕೋತ್ಸವದ ಊಟದಲ್ಲಿಯೂ ತಿಳಿದಿತ್ತು.

"ಕನ್ನಡಕದಾಗ ನೀರು ಬಂದ್ರ ಮೂಗಿಲೆ ಊದಿ ತಗಿಯೂದು ಕಲಿಸಿದ್ದೆ. ಉಸಿರು ಹಿಡಿಬ್ಯಾಡ ಅಂತ ಬಾಯಿಪಾಠ ಮಾಡಿಸಿದ್ದೆ" ಎಂದ ಅವನು. "ಅಲ್ಲಿಯ ಮಾಸ್ತರನೂ ಅದನ್ನ ಹೇಳಿದ್ನೇನ್ರಿ?"

"ಅದನ್ನ ಹೇಳಿದ್ನರಿ ಅಣ್ಣಾರ. ನಾನೂ ತಿಳಿಸಿ ಹೇಳಿದ್ದೆ" ಎಂದಳು ಅತೀಯಾ. "ಗಾಬರ್ಯಾಗ ಮರತ್ರು."

ಅವಳು ಕನ್ನಡಕವನ್ನು ಪರದೆಯಾಚೆ ಚಾಚಿದಳು. ಯಾರೂ ತೆಗೆದುಕೊಳ್ಳಲಿಲ್ಲ. "ಅವತ್ತು ಡ್ಯೂಟಿಯಾಗಿದ್ದೆ ಖಾಲಾ, ಅವ ಫೋನಿನಾಗ ಮಾತಾಡಿ ಕಳಿಸಿದ್ದನ್ನ ಸಂಜಿಗೆ ಕೇಳಿದೆ. ಅಷ್ಟೊತ್ತಿಗೆ ಎಲ್ಲಾ ಮುಗದಿತ್ತು" ಎಂದು ಗವಿಸಿದ್ದೇಶ ಜುಬೇದಾಬೀಗೆ ಹೇಳಿದ್ದು ಕೇಳಿಸಿತು. ಆಮೇಲೆ ಅವನ ಫೋನಿನಿಂದ ದೋಣಿಯ ಇಂಜಿನಿನ ಸದ್ದು, ಗಾಳಿ, ಅದರ ನಡುವೆ ಮಂಜೂರನ ನಗು. "ಲೇ ಗವಿ, ಇಲ್ಲಿ ಮಾಸ್ತರ ಉಲ್ಟಾ ಹೇಳ್ತಾನ ನೋಡು. ನೀರು ಬಂದ್ರ ಉಸಿರು ಬಿಗಿ ಹಿಡದು ಸೀದಾ ಮ್ಯಾಲೆ ಬಾ ಅಂತ. ನೀ ನೋಡಿದ್ರ ಸತ್ರೂ ಹಿಡಿಬ್ಯಾಡ ಅಂತಿದ್ದಿ. ಅತೀಯಾನ ತಿಳಿಸಿ ಹೇಳಿದ್ಲು. ಆಕಿ ಓದಿದಾಕಿಪಾ, ನಿನಗಿಂತ ಆಕಿ ಮಾತ ಖರೆ ಇರತೈತಿ. ಬಂದ ಮ್ಯಾಲೆ ನಿನ್ನ ಕನ್ನಡಕ ಕೊಡ್ತೀನಿ." ಮುಂದಿನ ಕೋಣೆಯಲ್ಲಿ ಬಾಚಣಿಕೆಗಳ ಸದ್ದು ನಿಂತಿತು. ಅತೀಯಾಳ ಕೈ ಪರದೆಯಾಚೆಯೇ ಇತ್ತು. ಜುಬೇದಾಬೀ ಎದ್ದು ಬಂದು, ಆ ಕೈಯಿಂದ ಕನ್ನಡಕ ಬಿಡಿಸಿಕೊಂಡು ಗವಿಸಿದ್ದೇಶನಿಗೆ ಕೊಟ್ಟಳು. ಆಮೇಲೆ ಪರದೆಯನ್ನು ಪೂರ್ತಿ ಸರಿಸಿದಳು.